ಸ್ಪಿರಿಟ್ ಹಾಕಿದರೆ ವಿಮಾನ ಹಾರುತ್ತಾ?

ಎಥೆನಾಲ್ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಬೈಕಿನ ಮೈಲೇಜ್, ಹಳೇ ಕಾರಿನ ರಬ್ಬರ್ ಪೈಪು, ಇವೆಲ್ಲ ಇನ್ನೊಂದು ಸಲಕ್ಕೆ ಇರಲಿ. ಈ ಬಾರಿ ಮೇಲಕ್ಕೆ ಹಾರುವ ಯಂತ್ರಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾವು ಬೆಳೆದ ಕಬ್ಬಿನಿಂದ ಎಥೆನಾಲ್ ಮಾಡಿ ಕಾರಿಗೆ ಹಾಕುತ್ತಿದ್ದಾರೆ. ಅದನ್ನೇ ವಿಮಾನಕ್ಕೆ ಯಾಕೆ ಹಾಕಬಾರದು? ಸ್ಪಿರಿಟ್ ಚೆನ್ನಾಗಿ ಉರಿಯುತ್ತೆ ಅಲ್ವಾ ಸರ್?
— ಒಬ್ಬ ರೈತರು, ಮದ್ದೂರು

ಉತ್ತರ: ಉರಿಯುತ್ತದೆ. ವಿಮಾನವೂ ಹಾರುತ್ತದೆ. ಆದರೆ ಎಷ್ಟು ದೂರ ಅಂತ ಕೇಳಬೇಕು.

ವಿಮಾನಕ್ಕೆ ಹಾಕುವ ಜೆಟ್ ಎ-1 ಅಂದರೆ ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆ. ಅದರ ಒಂದು ಕೆಜಿ ಉರಿದರೆ ಸುಮಾರು 43 ಮೆಗಾಜೂಲ್ ಶಾಖ ಬರುತ್ತದೆ. ಒಂದು ಕೆಜಿ ಎಥೆನಾಲ್ ಉರಿದರೆ ಬರುವುದು ಸುಮಾರು 27. ಮೆಥೆನಾಲ್ ಅನ್ನುವ ಇನ್ನೊಂದು ಜಾತಿಯ ಆಲ್ಕೋಹಾಲ್ ಆದರೆ ಇನ್ನೂ ಕಮ್ಮಿ, 20ರ ಆಸುಪಾಸು. ಕಾರಣ ಸರಳ. ಎಥೆನಾಲ್‌ನ ಅಣುವಿನೊಳಗೇ ಆಕ್ಸಿಜನ್ ಕೂತಿದೆ, ತೂಕದ ಲೆಕ್ಕದಲ್ಲಿ ಶೇ 35ರಷ್ಟು. ಅರ್ಧಂಬರ್ಧ ಸುಟ್ಟ ಸೌದೆಯನ್ನು ಮತ್ತೆ ಒಲೆಗೆ ಹಾಕಿದ ಹಾಗೆ ಅದು. ವಿಮಾನದ ಎಂಜಿನ್‌ಗೆ ಆಕ್ಸಿಜನ್ ಹೊರಗಿನ ಗಾಳಿಯಲ್ಲಿ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಗುವುದನ್ನು ಟ್ಯಾಂಕಿನಲ್ಲಿ ತುಂಬಿಕೊಂಡು ಸುಮ್ನೆ ಹೊತ್ತು ತಿರುಗಿದರೆ ಯಾರಿಗೆ ಲಾಭ?

ಒಂದು ಲೆಕ್ಕ ಹಾಕೋಣ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಹಾರುವ ವಿಮಾನ ಶುರು ಮಾಡಿತಲ್ಲ, ಮೊದಲ ಹಾರಾಟದಲ್ಲಿ ಕಾಕ್‌ಪಿಟ್‌ನಲ್ಲಿ ಬರೀ ಮಹಿಳಾ ಪೈಲಟ್‌ಗಳೇ ಇದ್ದರು, ಅದು ಬೋಯಿಂಗ್ 777-200ಎಲ್‌ಆರ್. ಅದರ ಟ್ಯಾಂಕ್ ಪೂರ್ತಿ ತುಂಬಿಸಿದರೆ ಹಿಡಿಸುವುದು ಹತ್ತಿರಹತ್ತಿರ 145 ಟನ್ ಇಂಧನ. ಖಾಲಿ ವಿಮಾನದ ತೂಕವೂ ಸುಮಾರು 145 ಟನ್. ನೆಲ ಬಿಡುವಾಗ ಎಲ್ಲಾ ಸೇರಿ 347 ಟನ್ ದಾಟುವ ಹಾಗಿಲ್ಲ. ಈಗ ಅಷ್ಟೇ ಶಾಖ ಎಥೆನಾಲ್‌ನಿಂದ ಬೇಕು ಅಂದರೆ 230 ಟನ್‌ಗೂ ಜಾಸ್ತಿ ತುಂಬಿಸಬೇಕು. ಖಾಲಿ ವಿಮಾನದ ತೂಕ ಸೇರಿಸಿದರೆ 375 ದಾಟಿತು. ಒಬ್ಬ ಪ್ರಯಾಣಿಕ ಹತ್ತುವ ಮೊದಲೇ ಮಿತಿ ಮೀರಿತು. ಅಷ್ಟು ತುಂಬಿಸಲು ಟ್ಯಾಂಕಿನಲ್ಲಿ ಜಾಗವೂ ಇಲ್ಲ ಅನ್ನುವುದು ಬೇರೆ ಮಾತು.

ಬೇರೆ ತಕರಾರುಗಳೂ ಇವೆ. ಎಥೆನಾಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಕೆಲವು ಜಾತಿಯ ರಬ್ಬರ್ ಸೀಲುಗಳನ್ನು ಹಾಳು ಮಾಡುತ್ತದೆ. ಸೀಮೆಎಣ್ಣೆಗೆ ತುಸು ಜಿಡ್ಡಿನ ಗುಣ ಇರುವುದರಿಂದ ಪಂಪ್ ಸವೆಯುವುದಿಲ್ಲ, ಎಥೆನಾಲ್‌ನಲ್ಲಿ ಆ ಗುಣ ತೀರಾ ಕಮ್ಮಿ. ಜೆಟ್ ಎ-1 ಕನಿಷ್ಠ 38 ಡಿಗ್ರಿ ಬೆಚ್ಚಗಾಗದೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ, ಎಥೆನಾಲ್ ಆದರೆ 15 ಡಿಗ್ರಿಯ ಆಸುಪಾಸಿನಲ್ಲೇ ಸಿದ್ಧ. ಒಂದು ವಿಷಯದಲ್ಲಿ ಮಾತ್ರ ಸ್ಪಿರಿಟ್ ಗೆಲ್ಲುತ್ತದೆ. ಜೆಟ್ ಎ-1 ಮೈನಸ್ 47 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರು, ಎಥೆನಾಲ್ ಮೈನಸ್ 114ರವರೆಗೂ ದ್ರವವಾಗಿಯೇ ಇರುತ್ತದೆ.

ಹಾಗಂತ ಸ್ಪಿರಿಟ್ ವಿಮಾನವೇ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಹಾಗೇ ಕಬ್ಬು ಬೆಳೆಯುವ ಬ್ರೆಜಿಲ್‌ನಲ್ಲಿ ಇಪನೆಮಾ ಅನ್ನುವ ಔಷಧಿ ಸಿಂಪಡಿಸುವ ವಿಮಾನ ಇದೆ. ಎಂಬ್ರೇಯರ್ ಕಂಪನಿಯ ಅಂಗಸಂಸ್ಥೆ ನೈವಾ ಮಾಡುತ್ತಿದ್ದುದು. ಅದರ ಎಥೆನಾಲ್ ಮಾದರಿಗೆ 2004ರಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿತು. ಕಾರ್ಖಾನೆಯಿಂದಲೇ ಎಥೆನಾಲ್ ಎಂಜಿನ್ ಜೊತೆ ಬಂದು ಹೀಗೆ ಒಪ್ಪಿಗೆ ಪಡೆದ ಮೊದಲ ವಿಮಾನ ಅದೇ. ಅದು ಹೊಲದ ಪಕ್ಕದ ಪಟ್ಟಿಯಿಂದ ಏಳುತ್ತದೆ, ಸಿಂಪಡಿಸುತ್ತದೆ, ಅಲ್ಲೇ ಇಳಿಯುತ್ತದೆ. ಸಾವಿರಾರು ಕಿಲೋಮೀಟರ್ ಹೋಗುವ ಕೆಲಸ ಇಲ್ಲವಾದ್ದರಿಂದ ಇಂಧನದ ತೂಕ ಅಷ್ಟಾಗಿ ಕಾಡುವುದಿಲ್ಲ. ಎಥೆನಾಲ್‌ಗೆ ಆಕ್ಟೇನ್ (ಎಂಜಿನ್‌ನ ಒತ್ತಡಕ್ಕೆ ತಾನಾಗೇ ಹೊತ್ತಿಕೊಳ್ಳದೆ ತಡೆಯುವ ಗುಣ) ಜಾಸ್ತಿ, ಆವಿಯಾಗುವಾಗ ಒಳಗೆ ಹೋಗುವ ಗಾಳಿಯನ್ನು ಚೆನ್ನಾಗಿ ತಣ್ಣಗೆ ಮಾಡುತ್ತದೆ. ಹಾಗಾಗಿ ಅದೇ ಎಂಜಿನ್ ಸ್ವಲ್ಪ ಜಾಸ್ತಿ ಶಕ್ತಿಯನ್ನೇ ಕೊಡುತ್ತದೆ. ಇಂಧನ ಜಾಸ್ತಿ ಕುಡಿಯುತ್ತದೆ, ಆದರೆ ಅಲ್ಲಿ ಎಥೆನಾಲ್ ಅಗ್ಗ. ಸೀಸ ಬೆರೆತ ವಿಮಾನ ಪೆಟ್ರೋಲಿನ ಹೊಗೆಯೂ ತಪ್ಪಿತು.

ಹಟ ಹಿಡಿದರೆ ದೂರವೂ ಹೋಗಬಹುದು. 1989ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಶಾಕ್ ಮತ್ತು ಗ್ರಾಜಿಯಾ ಜಾನಿನ್ ಎಥೆನಾಲ್ ತುಂಬಿದ ಪುಟ್ಟ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿದರು.

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ವಿ-2 ರಾಕೆಟ್ ಆಲ್ಕೋಹಾಲ್‌ನಿಂದ ಹಾರುತ್ತಿತ್ತು ಎಂದು ಓದಿದೆ. ವಿಮಾನಕ್ಕೇ ಸಾಲದ ಇಂಧನ ರಾಕೆಟ್‌ಗೆ ಹೇಗೆ ಸಾಕಾಯಿತು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಒಳ್ಳೆಯ ಪ್ರಶ್ನೆ ಕಣಮ್ಮ. ಇದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ.

ರಾಕೆಟ್‌ಗೆ ಆಕ್ಸಿಜನ್ ಬಿಟ್ಟಿ ಸಿಗುವುದಿಲ್ಲ. ಅದನ್ನೂ ದ್ರವ ಮಾಡಿ ಟ್ಯಾಂಕಿನಲ್ಲಿ ಹೊತ್ತೇ ಹೋಗಬೇಕು. ಹಾಗಾಗಿ ಇಂಧನದ ಒಂದು ಕೆಜಿಗೆ ಎಷ್ಟು ಶಾಖ ಅಂತ ನೋಡಿದರೆ ಸಾಲದು, ಇಂಧನ ಮತ್ತು ಆಕ್ಸಿಜನ್ ಎರಡೂ ಸೇರಿದ ಒಂದು ಕೆಜಿಗೆ ಎಷ್ಟು ಅಂತ ನೋಡಬೇಕು. ಒಂದು ಕೆಜಿ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 3.4 ಕೆಜಿ ಆಕ್ಸಿಜನ್ ಬೇಕು. ಒಂದು ಕೆಜಿ ಎಥೆನಾಲ್‌ಗೆ 2.1 ಕೆಜಿ ಸಾಕು, ಯಾಕೆಂದರೆ ಸ್ವಲ್ಪ ಆಕ್ಸಿಜನ್ ಅದರೊಳಗೇ ಇದೆಯಲ್ಲ. ಈಗ ಭಾಗಿಸಿ ನೋಡು. ಸೀಮೆಎಣ್ಣೆ: 43ನ್ನು 4.4ರಿಂದ ಭಾಗಿಸಿದರೆ ಸುಮಾರು 9.8 ಮೆಗಾಜೂಲ್. ಎಥೆನಾಲ್: 27ನ್ನು 3.1ರಿಂದ ಭಾಗಿಸಿದರೆ ಸುಮಾರು 8.7. ವಿಮಾನದಲ್ಲಿ ಶೇ 37ರಷ್ಟು ಇದ್ದ ಹಿನ್ನಡೆ ರಾಕೆಟ್‌ನಲ್ಲಿ ಶೇ 11ಕ್ಕೆ ಇಳಿಯಿತು. ಇಷ್ಟೇ ಅಲ್ಲ, ಹೊರಗೆ ಚಿಮ್ಮುವ ಅನಿಲದ ವೇಗ ಶಾಖದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ, ಆದ್ದರಿಂದ ವೇಗದಲ್ಲಿ ಕಮ್ಮಿಯಾಗುವುದು ಶೇ 5ರಷ್ಟು ಮಾತ್ರ. ನಿಜವಾದ ಎಂಜಿನ್‌ಗಳಲ್ಲಿ ಇಂಧನವನ್ನು ಬೇಕೆಂದೇ ತುಸು ಜಾಸ್ತಿ ಬಿಡುತ್ತಾರೆ, ಅಂಕಿಗಳು ಆಚೀಚೆ ಆಗುತ್ತವೆ. ಆದರೂ ಅಂತರ ಚಿಕ್ಕದೇ.

ವಿ-2ಗೆ ಹಾಕುತ್ತಿದ್ದುದು ಶುದ್ಧ ಎಥೆನಾಲ್ ಅಲ್ಲ. ಅದರಲ್ಲಿ ಶೇ 25 ನೀರು. ಬೆಂಕಿಗೆ ನೀರು ಬೆರೆಸುವುದೇ ಅಂತ ವಿಚಿತ್ರ ಅನ್ನಿಸಬಹುದು. ಆಗಿನ ಎಂಜಿನ್ ಸಾದಾ ಉಕ್ಕಿನದು. ದ್ರವ ಆಕ್ಸಿಜನ್ ಜೊತೆ ಇಂಧನ ಉರಿದರೆ ಆ ಉಕ್ಕೇ ಕರಗಿಹೋಗುವಷ್ಟು ಬಿಸಿ. ನೀರು ಬೆರೆಸಿದರೆ ಜ್ವಾಲೆಯ ಬಿಸಿ ಇಳಿಯುತ್ತದೆ. ಅದೇ ಸ್ಪಿರಿಟ್-ನೀರನ್ನು ಉರಿಯುವ ಮೊದಲು ಎಂಜಿನ್ ಗೋಡೆಯ ಎರಡು ಪದರಗಳ ನಡುವೆ ಹರಿಸುತ್ತಿದ್ದರು, ಜೊತೆಗೆ ಗೋಡೆಯ ಒಳಮೈಗೆ ಸಣ್ಣ ತೂತುಗಳಿಂದ ತೆಳುವಾಗಿ ಜಿನುಗಿಸುತ್ತಿದ್ದರು. ಇಂಧನವೇ ರಾಕೆಟ್‌ನ ರೇಡಿಯೇಟರ್ ನೀರು. ಈ ಕೆಲಸದಲ್ಲಿ ಆಲ್ಕೋಹಾಲ್‌ಗೆ ಸಾಟಿ ಇಲ್ಲ. ಆವಿಯಾಗುವಾಗ ಸೀಮೆಎಣ್ಣೆಗಿಂತ ಮೂರು ಪಟ್ಟು ಶಾಖ ಎಳೆದುಕೊಳ್ಳುತ್ತದೆ. ಮಸಿ ಕಟ್ಟುವುದಿಲ್ಲ. ನೀರಿನ ಜೊತೆ ಸಲೀಸಾಗಿ ಬೆರೆಯುತ್ತದೆ, ಸೀಮೆಎಣ್ಣೆ ಬೆರೆಯುವುದೇ ಇಲ್ಲ.

ಇನ್ನೊಂದು ಕಾರಣ ಹೊಟ್ಟೆಗೆ ಸಂಬಂಧಿಸಿದ್ದು. ಜರ್ಮನಿಗೆ ಪೆಟ್ರೋಲಿಯಂ ಕೊರತೆ ಇತ್ತು. ಕಲ್ಲಿದ್ದಲಿನಿಂದ ಮಾಡಿದ ಪೆಟ್ರೋಲ್ ವಾಯುಪಡೆಗೇ ಸಾಲುತ್ತಿರಲಿಲ್ಲ. ಸ್ಪಿರಿಟ್ ಮಾಡಲು ಬೇಕಾದ ಆಲೂಗೆಡ್ಡೆ ಮಾತ್ರ ಊರಿನಲ್ಲೇ ಬೆಳೆಯುತ್ತಿತ್ತು. ಒಂದೊಂದು ವಿ-2ಗೂ ಸುಮಾರು 3,800 ಕೆಜಿ ಸ್ಪಿರಿಟ್-ನೀರು ಬೇಕು, ಅದು ಒಂದು ನಿಮಿಷಕ್ಕೆ ಚೂರು ಜಾಸ್ತಿ ಹೊತ್ತಿನಲ್ಲಿ ಉರಿದು ಮುಗಿಯುತ್ತಿತ್ತು. ಯುದ್ಧದಲ್ಲಿ ಜನ ಹಸಿದಿದ್ದಾಗ ಟನ್‌ಗಟ್ಟಲೆ ಆಲೂಗೆಡ್ಡೆ ಹೀಗೆ ಲಂಡನ್ ಮತ್ತು ಆಂಟ್‌ವರ್ಪ್ ಮೇಲೆ ಬಿತ್ತು. ಆ ರಾಕೆಟ್ ಏಟಿಗೆ ಸತ್ತವರಿಗಿಂತ ಅದನ್ನು ಕಟ್ಟುವ ಬಲವಂತದ ದುಡಿಮೆಯಲ್ಲಿ ಸತ್ತ ಕೈದಿಗಳೇ ಜಾಸ್ತಿ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ವಿ-2 ಬಗ್ಗೆ ಬರೆಯುವಾಗ ಬರೀ ಎಂಜಿನಿಯರಿಂಗ್ ಹೊಗಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಹಾಗಾದರೆ ದ್ರವ ಇಂಧನದ ಮೊದಲ ರಾಕೆಟ್ ಆಲ್ಕೋಹಾಲ್‌ನದ್ದೇ ತಾನೇ?
— ಶಿವಮೊಗ್ಗ

ಉತ್ತರ: ಅಲ್ಲ. 1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್ ಎಂಬಲ್ಲಿ ರಾಬರ್ಟ್ ಗೊಡಾರ್ಡ್ ಹಾರಿಸಿದ್ದು ಪೆಟ್ರೋಲ್ ಮತ್ತು ದ್ರವ ಆಕ್ಸಿಜನ್ ರಾಕೆಟ್. ಎರಡೂವರೆ ಸೆಕೆಂಡ್ ಹಾರಿತು, ಸುಮಾರು 12 ಮೀಟರ್ ಮೇಲೆ ಹೋಯಿತು. ಜರ್ಮನಿಯ ಹವ್ಯಾಸಿಗಳೂ ಮೊದಲು ಬಳಸಿದ್ದು ಪೆಟ್ರೋಲನ್ನೇ. ಎಂಜಿನ್‌ಗಳು ಸುಟ್ಟು ತೂತಾಗತೊಡಗಿದ ಮೇಲೆ ಆಲ್ಕೋಹಾಲ್-ನೀರಿಗೆ ಹೊರಳಿದರು.

ಪ್ರಶ್ನೆ: ಅಷ್ಟು ಚೆನ್ನಾಗಿದ್ದ ಆಲ್ಕೋಹಾಲನ್ನು ರಾಕೆಟ್‌ನವರು ಯಾಕೆ ಬಿಟ್ಟರು? ಈಗ ಬಳಸುವುದು ನಮ್ಮ ಸ್ಟೋವ್‌ಗೆ ಹಾಕುವ ಸೀಮೆಎಣ್ಣೆಯೇನಾ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಬಿಡಲು ಸಾಕಷ್ಟು ವರ್ಷ ಹಿಡಿಯಿತು ಸರ್. ಯುದ್ಧ ಮುಗಿದ ಮೇಲೆ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ವಿ-2ರ ಪಾಠ ಕಲಿತೇ ಮುಂದೆ ಹೋದವು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಶಬ್ದದ ವೇಗ ದಾಟಿದ ಬೆಲ್ ಎಕ್ಸ್-1 ವಿಮಾನದ ರಾಕೆಟ್ ಎಂಜಿನ್ ಓಡಿದ್ದು ನೀರು ಬೆರೆಸಿದ ಎಥೆನಾಲ್ ಮತ್ತು ದ್ರವ ಆಕ್ಸಿಜನ್‌ನಲ್ಲಿ. ಸೋವಿಯತ್‌ನ ಆರ್-1 ಅಂತೂ ವಿ-2ರ ನಕಲೇ.

1961ನೇ ವರ್ಷ ನನಗೆ ತುಂಬಾ ಇಷ್ಟ. ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು, ಸೀಮೆಎಣ್ಣೆ ರಾಕೆಟ್‌ನಲ್ಲಿ. ಮೂರು ವಾರ ಕಳೆದು ಮೇ 5ರಂದು ಅಲನ್ ಶೆಪರ್ಡ್ ಹದಿನೈದು ನಿಮಿಷ ಮೇಲೆ ಹೋಗಿ ಸಮುದ್ರಕ್ಕೆ ಇಳಿದರು, ಆಲ್ಕೋಹಾಲ್ ಉರಿಸುವ ರೆಡ್‌ಸ್ಟೋನ್ ರಾಕೆಟ್‌ನಲ್ಲಿ. ಶೆಪರ್ಡ್ ಕಕ್ಷೆ ಮುಟ್ಟದೇ ಇದ್ದುದಕ್ಕೆ ಆಲ್ಕೋಹಾಲನ್ನೇ ದೂರುವುದು ತಪ್ಪು, ರೆಡ್‌ಸ್ಟೋನ್ ಚಿಕ್ಕ ರಾಕೆಟ್, ಒಂದೇ ಹಂತದ್ದು. ಮರುವರ್ಷ ಜಾನ್ ಗ್ಲೆನ್ ಭೂಮಿ ಸುತ್ತಿದಾಗ ಅಮೆರಿಕವೂ ಸೀಮೆಎಣ್ಣೆಯ ಅಟ್ಲಾಸ್ ಹಿಡಿದಿತ್ತು.

ಕಕ್ಷೆಗೆ ಹೋಗಬೇಕಾದರೆ ಆ ಶೇ 5 ಚಿಕ್ಕದಲ್ಲ, ಅಲ್ಲೇ ಆಟ ಬದಲಾಗುತ್ತದೆ. ಭೂಮಿಯ ಕಕ್ಷೆ ಮುಟ್ಟಲು, ಗಾಳಿಯ ಎದುರುಬಲ ಗುರುತ್ವ ಎಲ್ಲಾ ಸೇರಿ, ಸೆಕೆಂಡಿಗೆ ಸುಮಾರು 9.4 ಕಿ.ಮೀ. ವೇಗದಷ್ಟು ಕೆಲಸ ಬೇಕು. ಅನಿಲ ಸೆಕೆಂಡಿಗೆ 3.1 ಕಿ.ಮೀ. ವೇಗದಲ್ಲಿ ಚಿಮ್ಮಿದರೆ, ಒಂದೇ ಹಂತದ ರಾಕೆಟ್ ಅಂತ ಇಟ್ಟುಕೊಂಡರೆ, ಮೇಲೆ ಒಂದು ಟನ್ ಉಳಿಯಲು ಕೆಳಗೆ ಸುಮಾರು 21 ಟನ್ ಇರಬೇಕು. ವೇಗ ಶೇ 5 ಇಳಿದು 2.95 ಆದರೆ 24 ಟನ್ ಬೇಕು. ಇದೂ ಶುದ್ಧ ಎಥೆನಾಲ್‌ಗೆ ಹಾಕಿದ ಲೆಕ್ಕ, ನೀರು ಬೆರೆಸಿದರೆ ಇನ್ನೂ ಕಷ್ಟ. ನೂರಾರು ಕಿ.ಮೀ. ದೂರ ಬಾಂಬ್ ಎಸೆಯಲು ನಡೆಯುತ್ತಿದ್ದ ಇಂಧನ ಚಂದ್ರನ ದಾರಿಗೆ ಸಾಲದು.

ಆದರೆ ಸೀಮೆಎಣ್ಣೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನೀವು ಕೇಳಿದ ಸ್ಟೋವ್ ಸೀಮೆಎಣ್ಣೆಯನ್ನು ಎಂಜಿನ್ ಗೋಡೆಯ ಸಣ್ಣ ನಾಳಗಳಲ್ಲಿ ಹರಿಸಿದರೆ ಬಿಸಿಗೆ ಅದು ಒಡೆದು, ಕರಿಯ ಗಸಿಯಾಗಿ ನಾಳ ಕಟ್ಟಿಸುತ್ತದೆ. ನಾಳ ಕಟ್ಟಿದ ಜಾಗದಲ್ಲಿ ಗೋಡೆ ಸುಡುತ್ತದೆ. ಅದಕ್ಕೇ 1950ರ ದಶಕದಲ್ಲಿ ಅಮೆರಿಕದವರು ಆರ್‌ಪಿ-1 ಅಂತ ಬೇರೆಯೇ ದರ್ಜೆ ಮಾಡಿಕೊಂಡರು. ಗಂಧಕ ತೀರಾ ಕಮ್ಮಿ, ಗಸಿ ಕಟ್ಟುವ ಅಂಶಗಳೂ ಕಮ್ಮಿ. ಎಂಜಿನ್ ಗೋಡೆಯನ್ನೇ ತೆಳು ಕೊಳವೆಗಳನ್ನು ಜೋಡಿಸಿ ಕಟ್ಟುವುದನ್ನು ಕಲಿತರು. ಹೀಗೆ ನೀರು ಬೆರೆಸುವ ಅಗತ್ಯವೇ ಹೋಯಿತು. ಇನ್ನೊಂದು ಕಾಟ ಅಂದರೆ ದೊಡ್ಡ ಎಂಜಿನ್‌ನೊಳಗೆ ಜ್ವಾಲೆ ಹದ ತಪ್ಪಿ ಅದುರಿ ಎಂಜಿನನ್ನೇ ಒಡೆಯುವುದು. ಚಂದ್ರಯಾತ್ರೆಯ ಸ್ಯಾಟರ್ನ್-5ರ ಎಫ್-1 ಎಂಜಿನ್ ಪರೀಕ್ಷೆಯಲ್ಲಿ ಉರಿಯುತ್ತಿರುವ ಎಂಜಿನ್ ಒಳಗೇ ಪುಟ್ಟ ಸಿಡಿಮದ್ದು ಸಿಡಿಸಿ, ಅದುರಾಟ ತಾನೇ ತಣ್ಣಗಾಗುತ್ತದಾ ಅಂತ ನೋಡುತ್ತಿದ್ದರು. ಎಂಥ ಧೈರ್ಯ!

ನಮ್ಮವರ ವಿಷಯ. ಪಿಎಸ್‌ಎಲ್‌ವಿಯ ವಿಕಾಸ್ ಎಂಜಿನ್‌ಗೆ ಸೀಮೆಎಣ್ಣೆಯೂ ಅಲ್ಲ, ಸ್ಪಿರಿಟ್ಟೂ ಅಲ್ಲ, ಹೈಡ್ರಜೀನ್ ಜಾತಿಯ ವಿಷಕಾರಿ ಇಂಧನ. ಈಗ ಇಸ್ರೋ ಕಟ್ಟುತ್ತಿರುವ ಸೆಮಿ-ಕ್ರಯೋ ಎಂಜಿನ್ 2,000 ಕಿಲೋನ್ಯೂಟನ್ ತಾಕತ್ತಿನದು, ಅದಕ್ಕೆ ದ್ರವ ಆಕ್ಸಿಜನ್ ಜೊತೆ ಶುದ್ಧ ಮಾಡಿದ ಸೀಮೆಎಣ್ಣೆ. ಅದಕ್ಕೆ ಇಸ್ರೋಸಿನ್ ಎಂದೇ ಹೆಸರು. 2025ರ ಮಾರ್ಚ್‌ನಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದರ ಮುಖ್ಯ ಭಾಗಗಳನ್ನು ಉರಿಸಿ ಪರೀಕ್ಷಿಸಿದ್ದಾರೆ. ಚೆನ್ನೈನ ಅಗ್ನಿಕುಲ್ ಕಂಪನಿ 2024ರ ಮೇ 30ರಂದು ಶ್ರೀಹರಿಕೋಟದಿಂದ ಹಾರಿಸಿದ ಅಗ್ನಿಬಾಣದಲ್ಲೂ ಸೀಮೆಎಣ್ಣೆಯೇ.

ಆಲ್ಕೋಹಾಲ್ ಪೂರ್ತಿ ಹೋಗಿಲ್ಲ. ಜನರ ದೇಣಿಗೆಯಲ್ಲಿ ರಾಕೆಟ್ ಕಟ್ಟುವ ಡೆನ್ಮಾರ್ಕಿನ ಹವ್ಯಾಸಿ ತಂಡ ಕೋಪನ್‌ಹೇಗನ್ ಸಬ್‌ಆರ್ಬಿಟಲ್ಸ್ 2018ರಲ್ಲಿ ಹಾರಿಸಿದ ನೆಕ್ಸೊ-2 ಎಥೆನಾಲ್‌ನದು. ಕಾಲೇಜು ತಂಡಗಳಿಗೂ ನಾನು ಅದನ್ನೇ ಹೇಳುತ್ತೇನೆ. ಮಸಿ ಇಲ್ಲ, ಗಸಿ ಇಲ್ಲ, ಚೆಲ್ಲಿದರೆ ನೀರಲ್ಲಿ ತೊಳೆದುಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಬಿಸಿಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ.

ಪ್ರಶ್ನೆ: ನಮ್ಮ ತಂದೆ ಆವ್ರೋ ವಿಮಾನದಲ್ಲಿ ಕೆಲಸ ಮಾಡಿದವರು. ಬೇಸಿಗೆಯಲ್ಲಿ ಟೇಕಾಫ್‌ಗೆ ವಾಟರ್-ಮೆಥ್ ಹಾಕುತ್ತಿದ್ದೆವು ಅನ್ನುತ್ತಿದ್ದರು. ಅದೂ ಇಂಧನವೇ?
— ಬೆಂಗಳೂರು

ಉತ್ತರ: ಅರ್ಧ ಹೌದು, ಅರ್ಧ ಅಲ್ಲ ಮೇಡಂ. ಆವ್ರೋ ಅಂದರೆ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಎಚ್‌ಎಸ್-748. ಅದರ ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್‌ಗೆ ಬಿಸಿ ಗಾಳಿ ಆಗಿಬರುವುದಿಲ್ಲ, ಬಿಸಿ ಗಾಳಿ ತೆಳು, ಶಕ್ತಿ ಇಳಿಯುತ್ತದೆ. ಟೇಕಾಫ್ ಹೊತ್ತಿಗೆ ಎಂಜಿನ್‌ಗೆ ನೀರು-ಮೆಥೆನಾಲ್ ಮಿಶ್ರಣ ಬಿಟ್ಟರೆ ನೀರು ಆವಿಯಾಗಿ ತಂಪು ಮಾಡುತ್ತದೆ, ಹೋದ ಶಕ್ತಿ ವಾಪಸ್ ಬರುತ್ತದೆ. ಮೆಥೆನಾಲ್ ಉರಿದು ಕಳೆದ ಶಾಖವನ್ನು ತುಂಬಿಕೊಡುತ್ತದೆ, ಜೊತೆಗೆ ಚಳಿಯಲ್ಲಿ ನೀರು ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳುತ್ತದೆ. ಯುದ್ಧಕಾಲದ ಜರ್ಮನ್ ಫೈಟರ್‌ಗಳಲ್ಲಿ ಇದೇ ಉಪಾಯಕ್ಕೆ ಎಂಡಬ್ಲ್ಯು-50 ಅಂತ ಹೆಸರು, ನೀರು ಮತ್ತು ಮೆಥೆನಾಲ್ ಸಮಪಾಲು. ಒಮ್ಮೆಗೆ ಕೆಲವೇ ನಿಮಿಷ ಬಳಸಬೇಕು, ಇಲ್ಲವಾದರೆ ಎಂಜಿನ್ ಆಯಸ್ಸು ಮುಗಿಯಿತು.

ಮೆಥೆನಾಲನ್ನೇ ಮುಖ್ಯ ಇಂಧನ ಮಾಡಿಕೊಂಡ ಸಂದರ್ಭವೂ ಉಂಟು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಸೂಪರ್‌ಮರೀನ್ ಎಸ್-6ಬಿ ಗಂಟೆಗೆ 655 ಕಿ.ಮೀ. ಹಾರಿ ದಾಖಲೆ ಬರೆದಾಗ ಅದರ ಟ್ಯಾಂಕಿನಲ್ಲಿ ಇದ್ದುದರಲ್ಲಿ ಶೇ 60 ಮೆಥೆನಾಲ್, ಉಳಿದದ್ದು ಬೆಂಜಾಲ್ ಮತ್ತು ಅಸಿಟೋನ್. ಕೆಲವೇ ನಿಮಿಷದ ಓಟಕ್ಕೆ ತೂಕದ ಚಿಂತೆ ಯಾರಿಗೆ!

ಪ್ರಶ್ನೆ: ರಾಕೆಟ್ ಸ್ಪಿರಿಟನ್ನು ಯಾರೂ ಕುಡಿಯುತ್ತಿರಲಿಲ್ವಾ? (ತಮಾಷೆಗೆ ಕೇಳಿದ್ದು)
— ರಾಯಚೂರು

ಉತ್ತರ: ತಮಾಷೆ ಅಲ್ಲ, ಕುಡಿಯುತ್ತಿದ್ದರು. ಅಮೆರಿಕದ ನೌಕಾಪಡೆಯ ಟಾರ್ಪಿಡೊಗಳೂ ಆಲ್ಕೋಹಾಲ್‌ನಲ್ಲೇ ಓಡುತ್ತಿದ್ದವು, ನಾವಿಕರು ಅದನ್ನು ಕದ್ದು ಹಣ್ಣಿನ ರಸ ಬೆರೆಸಿ ಇಳಿಸುತ್ತಿದ್ದರು. ತಡೆಯಲು ಅಧಿಕಾರಿಗಳು ಅದಕ್ಕೆ ಭೇದಿ ಹಿಡಿಸುವ ಎಣ್ಣೆ ಬೆರೆಸಿದರು. ಸೋವಿಯತ್‌ನ ಟಿಯು-22 ಬಾಂಬರ್‌ನ ತಂಪು ವ್ಯವಸ್ಥೆಯಲ್ಲಿ ಸ್ಪಿರಿಟ್-ನೀರು ಇರುತ್ತಿದ್ದುದರಿಂದ ಅದಕ್ಕೆ ಹೆಂಡ ಹೊರುವ ವಿಮಾನ ಅಂತಲೇ ಅಡ್ಡಹೆಸರು. ಎಥೆನಾಲ್ ಕತೆ ನಗುವಂಥದ್ದು, ಮೆಥೆನಾಲ್‌ನದು ಅಲ್ಲ. ಸ್ವಲ್ಪ ಒಳಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ಪ್ರಶ್ನೆ: ಎಥೆನಾಲ್‌ನಿಂದ ವಿಮಾನದ ಇಂಧನ ಮಾಡುತ್ತಾರೆ ಅಂತ ಪೇಪರ್‌ನಲ್ಲಿ ಬರುತ್ತಿದೆ. ನೀವು ನೋಡಿದರೆ ಆಗಲ್ಲ ಅಂತೀರಿ!
— ಸಕ್ಕರೆ ಕಾರ್ಖಾನೆ ನೌಕರರು, ಬಾಗಲಕೋಟೆ

ಉತ್ತರ: ನೇರವಾಗಿ ಹಾಕಿದರೆ ಆಗಲ್ಲ ಅಂದೆ ಅಷ್ಟೇ. ಎಥೆನಾಲ್‌ನಲ್ಲಿ ಆಕ್ಸಿಜನ್ ದಂಡದ ತೂಕ ತಾನೇ? ಅದನ್ನು ನೆಲದ ಮೇಲೇ ತೆಗೆದುಬಿಟ್ಟರೆ? ಮೊದಲು ಎಥೆನಾಲ್‌ನಿಂದ ನೀರನ್ನು ಕಿತ್ತು ಎಥಿಲೀನ್ ಮಾಡುತ್ತಾರೆ. ಎಥಿಲೀನ್ ಅಣುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದ ಸರಪಳಿ ಮಾಡುತ್ತಾರೆ. ಕೊನೆಗೆ ಹೈಡ್ರೋಜನ್ ಸೇರಿಸುತ್ತಾರೆ. ಬರುವುದು ಅಪ್ಪಟ ಸೀಮೆಎಣ್ಣೆ, ಎಂಜಿನ್‌ಗೆ ವ್ಯತ್ಯಾಸವೇ ಗೊತ್ತಾಗದು. ಒಂದು ಕೆಜಿ ಇಂಥ ಇಂಧನಕ್ಕೆ ಕಮ್ಮಿ ಅಂದರೂ 1.6 ಕೆಜಿ ಎಥೆನಾಲ್ ಬೇಕು. ಆದರೆ ಹೋದ ತೂಕವೆಲ್ಲ ನೀರು, ಶಾಖ ಹೆಚ್ಚುಕಮ್ಮಿ ಅಷ್ಟೂ ಉಳಿಯುತ್ತದೆ.

ಅಂತರರಾಷ್ಟ್ರೀಯ ಮಾನಕದಲ್ಲಿ ಎಥೆನಾಲ್‌ನಿಂದ ಮಾಡಿದ ಇಂಧನಕ್ಕೆ 2018ರಲ್ಲಿ ಜಾಗ ಸಿಕ್ಕಿತು, ಅರ್ಧದವರೆಗೆ ಬೆರೆಸಬಹುದು. ಪೂರ್ತಿ ಹಾಕುವಂತಿಲ್ಲ, ಮಾಮೂಲು ಜೆಟ್ ಇಂಧನದ ಕೆಲವು ಅಂಶಗಳಿಂದ ರಬ್ಬರ್ ಸೀಲು ಉಬ್ಬಿ ಬಿಗಿಯಾಗಿ ಕೂರುತ್ತದೆ, ಇದರಲ್ಲಿ ಅವು ಇಲ್ಲ. 2023ರ ಮೇ 19ರಂದು ಪುಣೆಯಿಂದ ದೆಹಲಿಗೆ ಹೋದ ಏರ್‌ಏಷ್ಯಾ ಇಂಡಿಯಾ ವಿಮಾನದಲ್ಲಿ ಪುಣೆಯ ಪ್ರಾಜ್ ಕಂಪನಿ ಆಲ್ಕೋಹಾಲ್ ದಾರಿಯಲ್ಲಿ ಮಾಡಿದ ಇಂಧನ ಬೆರೆಸಿದ್ದರು. ವಿದೇಶಕ್ಕೆ ಹಾರುವ ವಿಮಾನಗಳಲ್ಲಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5 ಜೈವಿಕ ಮೂಲದ ಇಂಧನ ಬೆರೆಸಬೇಕು ಅನ್ನುವುದು ಕೇಂದ್ರದ ಗುರಿ. ನನ್ನ ಅಭಿಪ್ರಾಯ ಕೇಳಿದರೆ ಎಥೆನಾಲ್‌ಗೆ ಕಾರಿಗಿಂತ ಇದೇ ಒಳ್ಳೆ ಜಾಗ. ಕಾರು ಬ್ಯಾಟರಿಯಲ್ಲಿ ಓಡುತ್ತದೆ, ದೂರದ ವಿಮಾನ ಓಡುವುದಿಲ್ಲ. ಆದರೆ ಕಬ್ಬಿಗೆ ಬೇಕಾದ ನೀರಿನ ಲೆಕ್ಕವನ್ನೂ ಯಾರಾದರೂ ಹಾಕಬೇಕು.

ಪ್ರಶ್ನೆ: ಜಕ್ಕೂರಿನಲ್ಲಿ ಪುಟ್ಟ ಮೈಕ್ರೋಲೈಟ್ ವಿಮಾನಗಳನ್ನು ನೋಡಿದ್ದೇನೆ. ಅವಕ್ಕೆ ಬಂಕಿನ ಪೆಟ್ರೋಲ್ ನಡೆಯುತ್ತಂತೆ. ಈಗಿನ ಇ-20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಹಾಕಬಹುದಾ?
— ಯಲಹಂಕ

ಉತ್ತರ: ಬೇಡ. ಅಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ಕಾಣುವ ರೊಟಾಕ್ಸ್ 912 ಎಂಜಿನ್‌ಗೆ ಅದನ್ನು ಮಾಡಿದವರೇ ಒಪ್ಪುವುದು ಶೇ 10 ಎಥೆನಾಲ್‌ವರೆಗೆ ಮಾತ್ರ. ಅದೂ ಎಂಜಿನ್‌ನ ಮಾತು. ಟ್ಯಾಂಕು, ಪೈಪು, ಸೀಲು ವಿಮಾನ ಕಟ್ಟಿದವರದ್ದು, ಅವರ ಪುಸ್ತಕದಲ್ಲಿ ಏನಿದೆ ಅಂತ ಬೇರೆಯಾಗಿ ನೋಡಬೇಕು. ಟ್ಯಾಂಕಿನಲ್ಲಿ ಎಥೆನಾಲ್ ಇದೆಯಾ ಅಂತ ತಿಳಿಯಲು ಗಾಜಿನ ಅಳತೆ ಕೊಳವೆಯಲ್ಲಿ ಸ್ವಲ್ಪ ನೀರು ಹಾಕಿ, ಗೆರೆ ಗುರುತು ಮಾಡಿ, ಮೇಲೆ ಪೆಟ್ರೋಲ್ ಸುರಿದು ಕುಲುಕಿ ಬಿಡಿ. ತಳದ ನೀರಿನ ಮಟ್ಟ ಗೆರೆಗಿಂತ ಮೇಲೆ ಬಂದರೆ ಎಥೆನಾಲ್ ನೀರಿಗೆ ಇಳಿದಿದೆ ಅಂತ ಅರ್ಥ, ಆ ಪೆಟ್ರೋಲ್ ಬೈಕಿಗೆ ಹಾಕಿಕೊಳ್ಳಿ.